ಫಿಲಿಪ್ ಡಾಡ್ರಿಜ್: ಎರಡು ಪಕ್ಷವನ್ನೂ ಕಲಿಸಿದ ಗುರು

ಲೋಕದಲ್ಲಿ ಅರಸರ ಚರಿತ್ರೆಗಳು ಹೇರಳ, ಅಧ್ಯಾಪಕರ ಚರಿತ್ರೆಗಳು ವಿರಳ. ಅರಸನು ಕಟ್ಟಿಸಿದ ಕೋಟೆ ಬಿದ್ದುಹೋದ ಮೇಲೂ ಅದರ ಕಲ್ಲುಗಳು ಕಣ್ಣಿಗೆ ಕಾಣುತ್ತವೆ. ಅಧ್ಯಾಪಕನು ಕಟ್ಟಿದ್ದು ಶಿಷ್ಯರ ಬುದ್ಧಿಯೊಳಗೆ ಸೇರಿಹೋಗುವುದರಿಂದ ಅದನ್ನು ಬೆರಳಿಟ್ಟು ತೋರಿಸುವುದು ಕಷ್ಟ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಇಪ್ಪತ್ತೆರಡು ವರ್ಷಗಳ ಕಾಲ ಒಂದು ಸಣ್ಣ ವಿದ್ಯಾಶಾಲೆಯನ್ನು ನಡೆಸಿ, ಸುಮಾರು 200 ಮಂದಿ ತರುಣರನ್ನು ತಯಾರು ಮಾಡಿದ ಫಿಲಿಪ್ ಡಾಡ್ರಿಜನು ಅಂಥ ಅಧ್ಯಾಪಕರಲ್ಲಿ ಒಬ್ಬನು. ಕ್ರೈಸ್ತ ಜಗತ್ತು ಆತನನ್ನು ಕೀರ್ತನಕಾರನೆಂದು ಇಂದಿಗೂ ನೆನೆಯುತ್ತದೆ. ಆದರೆ ಚರಿತ್ರೆಯ ವಿದ್ಯಾರ್ಥಿಯಾದ ನನ್ನ ಮನಸ್ಸನ್ನು ಸೆಳೆದದ್ದು ಆತನ ಅಧ್ಯಾಪಕ ಜೀವನ. ಅದನ್ನೇ ಇಲ್ಲಿ ನನಗೆ ತಿಳಿದಮಟ್ಟಿಗೆ ನಿರೂಪಿಸುತ್ತೇನೆ.

ಆತನ ಜೀವನವನ್ನು ಅರಿಯಬೇಕಾದರೆ ಮೊದಲು ಆ ಕಾಲದ ಇಂಗ್ಲೆಂಡನ್ನು ಅರಿಯಬೇಕು. 1660ರಲ್ಲಿ ಎರಡನೆಯ ಚಾರ್ಲ್ಸ್ ದೊರೆಯು ಸಿಂಹಾಸನವನ್ನೇರಿದ ಮೇಲೆ ದೇಶದಲ್ಲೆಲ್ಲ ಒಂದೇ ಬಗೆಯ ಉಪಾಸನೆ ನಡೆಯಬೇಕೆಂದು 1662ರಲ್ಲಿ ಕಾನೂನಾಯಿತು. ಸರಕಾರಿ ಚರ್ಚಿನ ಪ್ರಾರ್ಥನಾ ಗ್ರಂಥಕ್ಕೆ ಸಂಪೂರ್ಣ ಸಮ್ಮತಿ ಕೊಡಲೊಲ್ಲದ ಪಾದ್ರಿಗಳು ಕೆಲಸ ಬಿಡಬೇಕಾಯಿತು. 1660ರಿಂದ 1662ರೊಳಗೆ ಹೀಗೆ ಹೊರಬಿದ್ದವರು ಸುಮಾರು 2000 ಮಂದಿ. ಇವರಿಗೂ ಇವರ ಅನುಯಾಯಿಗಳಿಗೂ ಅಸಮ್ಮತರು ಎಂದು ಹೆಸರು ಬಂದಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ಸೇರಬೇಕಾದರೆ ಸರಕಾರಿ ಚರ್ಚಿನ ಮೂವತ್ತೊಂಬತ್ತು ಸೂತ್ರಗಳಿಗೆ ಸಹಿ ಹಾಕಬೇಕಾಗಿತ್ತು. ಕೇಂಬ್ರಿಜ್‌ನಲ್ಲಿ ಓದಬಹುದಾಗಿದ್ದರೂ ಪದವಿ ಪಡೆಯುವಂತಿರಲಿಲ್ಲ. ಹೀಗೆ ದೊಡ್ಡ ಬಾಗಿಲುಗಳು ಮುಚ್ಚಿದಾಗ ಅಸಮ್ಮತರು ತಮ್ಮ ಮನೆಗಳ ಸಣ್ಣ ಬಾಗಿಲುಗಳನ್ನು ತೆರೆದರು. ಒಬ್ಬ ವಿದ್ವಾಂಸನ ಮನೆ, ಹತ್ತಿಪ್ಪತ್ತು ಮಂದಿ ಹುಡುಗರು, ಕೆಲವು ಕಪಾಟು ಪುಸ್ತಕಗಳು. ಇಷ್ಟೇ ಅವರ ಕಾಲೇಜು. ಇವನ್ನು ಅಕಾಡೆಮಿಗಳೆಂದು ಕರೆದರು.

ಹೊರಬಿದ್ದ ಆ ಪಾದ್ರಿಗಳಲ್ಲಿ ಜಾನ್ ಡಾಡ್ರಿಜ್ ಎಂಬಾತನೂ ಒಬ್ಬನು. ಆತನ ಮಗ ಡೇನಿಯಲ್, ಲಂಡನ್ನಿನಲ್ಲಿ ಎಣ್ಣೆಯ ವ್ಯಾಪಾರಿ. ಡೇನಿಯಲ್‌ನ ಹೆಂಡತಿ ಮೋನಿಕಾ, ಮತದ ಕಾರಣದಿಂದ ಬೊಹೀಮಿಯಾ ದೇಶವನ್ನು ತೊರೆದು ಬಂದಿದ್ದ ಲೂಥರನ್ ಪಾದ್ರಿಯೊಬ್ಬನ ಮಗಳು. ಹೀಗೆ ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ನಂಬಿಕೆಗಾಗಿ ನೆಲೆ ಕಳೆದುಕೊಂಡವರ ವಂಶ ಅದು. ಈ ದಂಪತಿಗಳಿಗೆ ಇಪ್ಪತ್ತನೆಯ ಮಗುವಾಗಿ ಫಿಲಿಪನು 1702ರ ಜೂನ್ 26ರಂದು ಹುಟ್ಟಿದನು. ಹುಟ್ಟಿದಾಗ ಉಸಿರಿಲ್ಲವೆಂದು ಬಗೆದು ಕೂಸನ್ನು ಪಕ್ಕಕ್ಕಿಟ್ಟಿದ್ದರಂತೆ; ಯಾರೋ ಅದರ ಅಲುಗಾಟವನ್ನು ಕಂಡುದರಿಂದ ಅದು ಉಳಿಯಿತು. ಇಪ್ಪತ್ತು ಮಕ್ಕಳಲ್ಲಿ ಬದುಕಿ ಬೆಳೆದವರು ಆತನೂ ಆತನ ಅಕ್ಕ ಎಲಿಜಬೆತ್ತಳೂ ಇಬ್ಬರೇ.

ಫಿಲಿಪನ ಮೊದಲ ಗುರು ಆತನ ತಾಯಿ. ಮನೆಯ ಬೆಂಕಿಗೂಡಿನ ಸುತ್ತ ಡಚ್ಚರ ಚಿತ್ರದ ಹೆಂಚುಗಳನ್ನು ಜೋಡಿಸಿದ್ದರು. ಅಕ್ಷರ ಬರುವ ಮೊದಲೇ ಮಗನನ್ನು ಹತ್ತಿರ ಕೂರಿಸಿಕೊಂಡು ಆಕೆ ಆ ಚಿತ್ರಗಳಿಂದ ಬೈಬಲಿನ ಕಥೆಗಳನ್ನು ಹೇಳಿಕೊಟ್ಟಳು. ಆದರೆ ಈ ಭಾಗ್ಯ ಬಹಳ ದಿನ ಉಳಿಯಲಿಲ್ಲ. ಬಾಲ್ಯದಲ್ಲೇ ತಾಯಿ ತೀರಿಕೊಂಡಳು. 1715ರಲ್ಲಿ ತಂದೆಯೂ ತೀರಿಕೊಂಡನು. ಪಾಲಕನಾಗಿ ನಿಂತವನು ವ್ಯವಹಾರದಲ್ಲಿ ದಿವಾಳಿಯಾಗಿ ಹುಡುಗನ ಪಿತ್ರಾರ್ಜಿತವನ್ನೂ ಕಳೆದನು. ಸೇಂಟ್ ಆಲ್ಬನ್ಸ್ ಎಂಬ ಊರಿನಲ್ಲಿ ಓದುತ್ತಿದ್ದ ಫಿಲಿಪನಿಗೆ ಮನೆಯೂ ಇಲ್ಲ, ಹಣವೂ ಇಲ್ಲ ಎಂಬ ಸ್ಥಿತಿ ಬಂದಿತು.

ಆಗ ಬೆಡ್‌ಫರ್ಡಿನ ಡಚೆಸ್ ಎಂಬ ಶ್ರೀಮಂತ ಮಹಿಳೆಯು ಆತನ ಜಾಣತನವನ್ನು ಕೇಳಿ ಸಹಾಯಕ್ಕೆ ಮುಂದೆ ಬಂದಳು. ವಿಶ್ವವಿದ್ಯಾನಿಲಯದ ಸಕಲ ವೆಚ್ಚವನ್ನೂ ತಾನು ವಹಿಸುವುದಾಗಿಯೂ, ಮುಂದೆ ಉದ್ಯೋಗವನ್ನು ದೊರಕಿಸುವುದಾಗಿಯೂ ಹೇಳಿದಳು. ಒಂದೇ ಒಂದು ನಿಬಂಧನೆ: ಆತನು ಸರಕಾರಿ ಚರ್ಚಿನ ಪಾದ್ರಿಯಾಗಬೇಕು. ಹದಿನಾರು ವರ್ಷದ ಆ ಅನಾಥ ಹುಡುಗನು ಕೃತಜ್ಞತೆಯಿಂದ ವಂದಿಸಿ, ಆಗದು ಎಂದನು.

ಈ ಸಂದರ್ಭವನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಶುಲ್ಕ ಕಟ್ಟುವ ದಿನ ಹತ್ತಿರವಾದಾಗ ಮನೆಯಲ್ಲಿ ಮಾತು ಹೇಗೆ ಕಡಿಮೆಯಾಗುತ್ತದೆಂಬುದನ್ನು ನಾನು ಬಲ್ಲೆ. ನನ್ನಂತೆ ಬಲ್ಲವರು ಈ ಕಾಲೇಜಿನಲ್ಲಿ ಅನೇಕರಿದ್ದಾರೆ. ಯಾರಾದರೂ ಬಂದು ಎಲ್ಲವನ್ನೂ ನಾವೇ ಕೊಡುತ್ತೇವೆ, ನಿನ್ನ ಮನಸ್ಸನ್ನು ಮಾತ್ರ ನಮಗೆ ಕೊಡು ಎಂದರೆ ನಮ್ಮಲ್ಲಿ ಎಷ್ಟು ಮಂದಿ ಆಗದು ಎಂದೇವು? ಉತ್ತರ ಸುಲಭವಲ್ಲ. ಡಚೆಸ್ ಕೆಟ್ಟವಳಲ್ಲ, ಆಕೆಯ ಉದಾರತೆ ನಿಜವಾದದ್ದೇ. ಆದುದರಿಂದಲೇ ಆ ನಿರಾಕರಣೆ ಕಠಿನವಾದದ್ದು.

ಮುಂದೆ ಹುಡುಗನು ಎಡ್ಮಂಡ್ ಕ್ಯಾಲಮಿ ಎಂಬ ಅಸಮ್ಮತರ ಪ್ರಸಿದ್ಧ ಮುಖಂಡನನ್ನು ಕಂಡು, ತಾನು ಸಭಾಪಾಲಕನಾಗಬೇಕೆಂದು ಅರಿಕೆ ಮಾಡಿಕೊಂಡನು. ಕ್ಯಾಲಮಿ ಉತ್ಸಾಹ ತೋರಿಸಲಿಲ್ಲ. ಬೇರೆ ದಾರಿ ನೋಡಿಕೊಳ್ಳುವಂತೆ ಬುದ್ಧಿ ಹೇಳಿದನು. ವಕೀಲನಾಗುವ ಅವಕಾಶವೊಂದು ಕೈಗೆ ಬರುವಂತಿತ್ತು. ಅಷ್ಟರಲ್ಲಿ ಸೇಂಟ್ ಆಲ್ಬನ್ಸ್‌ನ ಸಭಾಪಾಲಕನಾದ ಸ್ಯಾಮ್ಯುಯೆಲ್ ಕ್ಲಾರ್ಕನು ಯಾವ ನಿಬಂಧನೆಯನ್ನೂ ಹಾಕದೆ, ಮಗನಂತೆ ಸಾಕಿ ಓದಿಸುವೆನೆಂದು ಬರೆದನು. ಆತನ ಸಹಾಯದಿಂದ 1719ರಲ್ಲಿ ಡಾಡ್ರಿಜನು ಕಿಬ್ವರ್ತ್ ಎಂಬ ಹಳ್ಳಿಯಲ್ಲಿ ಜಾನ್ ಜೆನಿಂಗ್ಸ್ ನಡೆಸುತ್ತಿದ್ದ ಅಕಾಡೆಮಿಯನ್ನು ಸೇರಿದನು. ಅಸಮ್ಮತರ ಶಾಲೆಗಳನ್ನು ಮುಚ್ಚಿಸಲೆಂದು 1714ರಲ್ಲಿ ಮಾಡಿದ್ದ ಕಾನೂನು ರದ್ದಾದದ್ದೂ ಅದೇ ವರ್ಷ.

ಜೆನಿಂಗ್ಸನು ಅಪರೂಪದ ಗುರು. ಒಂದು ವಿಷಯದ ಮೇಲೆ ತನ್ನ ಅಭಿಪ್ರಾಯವನ್ನು ಮಾತ್ರ ಹೇಳದೆ, ವಿರುದ್ಧ ಅಭಿಪ್ರಾಯದ ಗ್ರಂಥಗಳನ್ನೂ ಶಿಷ್ಯರ ಕೈಗೆ ಕೊಡುತ್ತಿದ್ದನು. ದುರ್ದೈವದಿಂದ 1723ರಲ್ಲಿ ಆತನು ಸಿಡುಬಿಗೆ ತುತ್ತಾದನು. ಡಾಡ್ರಿಜನು ಅದೇ ವರ್ಷ ಕಿಬ್ವರ್ತಿನ ಸಭಾಪಾಲಕನಾಗಿ, ಕೆಲವೇ ಜನರ ಆ ಹಳ್ಳಿಯ ಸಭೆಯಲ್ಲಿ ಓದುತ್ತ ಬರೆಯುತ್ತ ಕಾಲ ಕಳೆದನು. ಗುರುವಿನ ಕೆಲಸ ನಿಂತುಹೋಗಬಾರದೆಂದು ಹಿರಿಯರು ಒತ್ತಾಯಿಸಿದರು. ಕೀರ್ತನಕಾರ ಐಸಾಕ್ ವಾಟ್ಸ್ ಹುರಿದುಂಬಿಸಿದನು. 1729ರಲ್ಲಿ ಮಾರ್ಕೆಟ್ ಹಾರ್ಬರೋ ಎಂಬ ಊರಿನಲ್ಲಿ ಡಾಡ್ರಿಜನ ಅಕಾಡೆಮಿ ಆರಂಭವಾಯಿತು. ಆಗ ಆತನಿಗೆ ಇಪ್ಪತ್ತೇಳು ವರ್ಷ.

ಅದೇ ವರ್ಷ ನಾರ್ಥಾಂಪ್ಟನ್ ಪಟ್ಟಣದ ಕ್ಯಾಸಲ್ ಹಿಲ್ ಸಭೆಯವರು ತಮಗೆ ಸಭಾಪಾಲಕನಾಗಿ ಬರಬೇಕೆಂದು ಆತನಿಗೆ ಕರೆ ಕಳುಹಿಸಿದರು. ಇಲ್ಲಿ ಕಾಂಗ್ರಿಗೇಷನಲ್ ಪದ್ಧತಿಯನ್ನು ಸ್ವಲ್ಪ ವಿವರಿಸಬೇಕು. ಈ ಪಂಥದಲ್ಲಿ ಒಂದೊಂದು ಊರಿನ ಸಭೆಯೂ ತನ್ನಲ್ಲಿ ತಾನೇ ಪೂರ್ಣವಾದುದು. ಮೇಲೆ ಬಿಷಪ್ಪನಿಲ್ಲ, ಆಜ್ಞೆ ಮಾಡುವ ಮಹಾಸಭೆಯೂ ಇಲ್ಲ. ಸದಸ್ಯರು ದೇವರ ಮುಂದೆ ಪರಸ್ಪರ ಒಡಂಬಡಿಕೆ ಮಾಡಿಕೊಂಡು ಸಭೆಯಾಗುತ್ತಾರೆ. ಸಭಾಪಾಲಕನನ್ನು ಆರಿಸುವವರು ಅವರೇ; ಹಣಕಾಸಿಗೂ ಬಡವರ ಆರೈಕೆಗೂ ಡೀಕನ್ನರನ್ನು ನೇಮಿಸುವವರೂ ಅವರೇ. ಹೊಸಬರನ್ನು ಸೇರಿಸಿಕೊಳ್ಳುವುದು, ತಪ್ಪಿದವರನ್ನು ತಿದ್ದುವುದು ಎಲ್ಲವೂ ಸದಸ್ಯರ ಕೂಟದಲ್ಲೇ ತೀರ್ಮಾನವಾಗಬೇಕು. 1658ರಲ್ಲಿ ಲಂಡನ್ನಿನ ಸವಾಯ್ ಅರಮನೆಯಲ್ಲಿ ಸೇರಿದ ಹಿರಿಯರು ಈ ತತ್ತ್ವಗಳನ್ನು ಘೋಷಣೆಯ ರೂಪದಲ್ಲಿ ಬರೆದಿಟ್ಟರು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಇದು ಹತ್ತು ಜನ ಕಟ್ಟೆಯ ಮೇಲೆ ಕುಳಿತು ಊರಿನ ಕೆಲಸ ನಡೆಸಿದಂತೆ.

ಇಂಥ ಪದ್ಧತಿಯಲ್ಲಿ ಸಭಾಪಾಲಕನಿಗೆ ಅಧಿಕಾರವೆಂಬುದು ಬಹಳ ಕಡಿಮೆ. ಬಿಷಪ್ಪನಿರುವ ಚರ್ಚಿನಲ್ಲಿ ಪಾದ್ರಿಗೆ ಬೆಂಬಲವಾಗಿ ಮೇಲಿನವರ ಮುದ್ರೆ ಇರುತ್ತದೆ. ಇಲ್ಲಿ ಅವನಿಗಿರುವುದು ವಿದ್ಯೆ, ನಡತೆ, ಮತ್ತು ಜನರನ್ನು ಒಪ್ಪಿಸುವ ಮಾತು, ಇವು ಮೂರೇ. ಎದುರಿಗೆ ಕುಳಿತ ಚಮ್ಮಾರನೂ ನೇಕಾರನೂ ಮತ ಕೊಡುವವರು, ಪ್ರಶ್ನೆ ಕೇಳುವವರು. ನಾವು ದೊಡ್ಡ ಚರ್ಚಿನಿಂದ ಏಕೆ ಬೇರೆಯಾಗಿದ್ದೇವೆ ಎಂದು ಅವರು ಕೇಳಿದರೆ ಚರಿತ್ರೆಯನ್ನು ಬಲ್ಲವನೇ ಉತ್ತರ ಹೇಳಬೇಕು. ಇದನ್ನು ಹೀಗೆಯೇ ಏಕೆ ನಡೆಸಬೇಕು ಎಂದರೆ ಆಡಳಿತದ ತತ್ತ್ವವನ್ನು ಅರಿತವನೇ ಹೇಳಬೇಕು. ಆದುದರಿಂದ ಇಂಥವರನ್ನು ತಯಾರು ಮಾಡುವುದು ಬೇರೆ ಬಗೆಯ ಶಿಕ್ಷಣವನ್ನೇ ಬೇಡುತ್ತದೆ. ಡಾಡ್ರಿಜನ ಹಿರಿಮೆಯೆಂದರೆ ಆತನು ಇದನ್ನು ಚೆನ್ನಾಗಿ ಮನಗಂಡಿದ್ದನು.

ನಾರ್ಥಾಂಪ್ಟನ್ನಿನ ಕರೆಯನ್ನು ಒಲ್ಲೆನೆನ್ನಲು ಮೊದಲು ಮನಸ್ಸು ಮಾಡಿದ್ದ ಆತನು ಜನರ ಪ್ರೀತಿಗೆ ಸೋತು 1729ರ ಡಿಸೆಂಬರ್ ಕೊನೆಯಲ್ಲಿ ಶಿಷ್ಯರೊಡನೆ ಅಲ್ಲಿಗೆ ಬಂದನು. 1730ರ ಮಾರ್ಚಿಯಲ್ಲಿ ದೀಕ್ಷೆಯಾಯಿತು. ಆ ವರ್ಷದ ಕೊನೆಯಲ್ಲಿ ಮರ್ಸಿ ಮಾರಿಸಳೊಡನೆ ವಿವಾಹವಾಯಿತು. ಮುಂದಿನ ಜೀವನವೆಲ್ಲ ಆ ಪಟ್ಟಣದಲ್ಲಿಯೇ.

ಆತನ ಪಾಠಕ್ರಮವನ್ನು ನೋಡಿದರೆ ಇಂದಿನ ನಮಗೂ ಆಶ್ಚರ್ಯವಾಗುತ್ತದೆ. ಸಾಮಾನ್ಯವಾಗಿ ನಾಲ್ಕು ವರ್ಷಗಳ ವ್ಯಾಸಂಗ. ಹೀಬ್ರೂ, ಗ್ರೀಕ್, ತರ್ಕ, ಗಣಿತ, ಭೂಗೋಳ, ಅಂಗರಚನೆ, ನೀತಿಶಾಸ್ತ್ರ, ದೇವತಾಶಾಸ್ತ್ರ, ಯೆಹೂದ್ಯರ ಪುರಾತನ ಆಚಾರಗಳು, ಸಭೆಯ ಚರಿತ್ರೆ, ಅಸಮ್ಮತರ ಚರಿತ್ರೆ ಮತ್ತು ತತ್ತ್ವಗಳು, ಉಪದೇಶ ಮಾಡುವ ಕ್ರಮ. ಪ್ರಕೃತಿವಿಜ್ಞಾನದ ಪ್ರಯೋಗಗಳಿಗೆ ಉಪಕರಣಗಳೂ ಇದ್ದವು. ಬೆಳಗಿನ ಪ್ರಾರ್ಥನೆಯಲ್ಲಿ ಶಿಷ್ಯರು ಹೀಬ್ರೂ ಮೂಲವನ್ನು ನೋಡುತ್ತಲೇ ಇಂಗ್ಲಿಷಿನಲ್ಲಿ ಓದಬೇಕು. ಸಂಜೆ ಗ್ರೀಕ್ ಮೂಲವನ್ನು ಹಾಗೆಯೇ ಓದಬೇಕು.

ಆ ಕಾಲದಲ್ಲಿ ಉನ್ನತ ವಿದ್ಯೆಯ ಭಾಷೆ ಲ್ಯಾಟಿನ್. ಡಾಡ್ರಿಜನು ತನ್ನ ಪಾಠಗಳನ್ನು ಇಂಗ್ಲಿಷಿನಲ್ಲಿ ಹೇಳಿದನು. ಜನರೊಡನೆ ಜನರ ಮಾತಿನಲ್ಲಿ ಮಾತನಾಡಬೇಕಾದವರಿಗೆ ವಿದ್ಯೆಯೂ ಆ ಮಾತಿನಲ್ಲೇ ಸಿಗುವುದು ನ್ಯಾಯ. ಇಂಗ್ಲಿಷನ್ನೇ ವಿದ್ಯೆಯ ಹೆಬ್ಬಾಗಿಲೆಂದು ತಿಳಿದಿರುವ ನಾವು, ಒಂದು ಕಾಲದಲ್ಲಿ ಇಂಗ್ಲಿಷೂ ಲ್ಯಾಟಿನ್ನಿನ ಬಾಗಿಲಲ್ಲಿ ಕಾದು ನಿಂತಿತ್ತೆಂಬುದನ್ನು ನೆನೆದರೆ ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾದುದು ಆತನ ಬೋಧನೆಯ ರೀತಿ. ಅಕಾಡೆಮಿಗೆ ಬಂದ ವಿದ್ಯಾರ್ಥಿ ಮೊದಲು ಶೀಘ್ರಲಿಪಿ ಕಲಿಯಬೇಕು. ಜೆರಮಯ ರಿಚ್ ಎಂಬಾತನ ಲಿಪಿಯನ್ನು ಡಾಡ್ರಿಜನು ತಾನೇ ತಿದ್ದಿ ಸುಲಭಗೊಳಿಸಿದ್ದನು. ಆ ಲಿಪಿಯಲ್ಲಿ ಗುರುವಿನ ಉಪನ್ಯಾಸಗಳನ್ನು ಪ್ರತಿಮಾಡಿಕೊಳ್ಳಬೇಕು. ಇಷ್ಟನ್ನು ಕೇಳಿ, ಇದೂ ನಮ್ಮ ನೋಟ್ಸಿನಂತೆಯೇ ಎಂದು ಯಾರಾದರೂ ನಕ್ಕಾರು. ಆದರೆ ಭೇದ ಮುಂದಿದೆ. ಆ ಟಿಪ್ಪಣಿಗಳಲ್ಲಿ ಪ್ರತಿಯೊಂದು ವಾದದ ಕೆಳಗೆ, ಅದನ್ನು ಮಂಡಿಸಿದವರು ಯಾರು, ಖಂಡಿಸಿದವರು ಯಾರು, ಯಾವ ಗ್ರಂಥದಲ್ಲಿ ಎಂಬ ಸೂಚನೆಗಳು ಇರುತ್ತಿದ್ದವು. ವಿದ್ಯಾರ್ಥಿಗಳು ಗ್ರಂಥಭಂಡಾರಕ್ಕೆ ಹೋಗಿ ಎರಡನ್ನೂ ಓದಿ ಬರಬೇಕು. ಮರುದಿನ ಗುರುವು ಹಿಂದಿನ ಪಾಠದ ಬಗ್ಗೆಯೂ ಓದಿದ ಗ್ರಂಥಗಳ ಬಗ್ಗೆಯೂ ಪ್ರಶ್ನೆ ಕೇಳುವನು. ಟಿಪ್ಪಣಿಯು ಅಲ್ಲಿ ಓದಿನ ಕೊನೆಯಾಗಿರಲಿಲ್ಲ, ಮೊದಲಾಗಿತ್ತು. ಆತನ ಮರಣಾನಂತರ 1763ರಲ್ಲಿ ಈ ಉಪನ್ಯಾಸಗಳು ಅಚ್ಚಾಗಿ, ಬಹುಕಾಲ ಅನೇಕ ಅಕಾಡೆಮಿಗಳಲ್ಲಿ ಬಳಕೆಯಲ್ಲಿದ್ದವು.

ಆಡಳಿತವನ್ನೂ ಆತನು ಪುಸ್ತಕದಿಂದ ಮಾತ್ರ ಕಲಿಸಲಿಲ್ಲ. 1743ರ ಡಿಸೆಂಬರಿನಲ್ಲಿ ಅಕಾಡೆಮಿಗೆ ಒಂದು ನಿಯಮಾವಳಿ ಸಿದ್ಧವಾಯಿತು. ಅದು ಗುರುವಿನ ಆಜ್ಞೆಯಾಗಿ ಬರಲಿಲ್ಲ. ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿ ಒಪ್ಪಿಕೊಂಡ ಒಡಂಬಡಿಕೆಯಾಗಿ ಬಂದಿತು. ಮುಂದೆ ಸೇರುವವರು ಅದನ್ನು ಒಪ್ಪಿ ಸೇರಬೇಕು. ಏಳುವ ಹೊತ್ತು, ಪ್ರಾರ್ಥನೆಗೆ ತಡವಾದರೆ ದಂಡ, ಗ್ರಂಥಭಂಡಾರದ ಕ್ರಮ, ಎಲ್ಲವೂ ಅದರಲ್ಲಿದ್ದವು. ಮೇಲ್ವಿಚಾರಣೆಯ ಕೆಲಸ ವಿದ್ಯಾರ್ಥಿಗಳಿಗೇ ಸರದಿಯ ಮೇಲೆ ಬರುತ್ತಿತ್ತು. ನಾಳೆ ಸ್ವತಂತ್ರವಾದ ಸಭೆಯನ್ನು ನಡೆಸಬೇಕಾದವನು ಇಂದು ಸ್ವತಂತ್ರವಾದ ಮನೆಯಲ್ಲಿ ಬಾಳಿ ಕಲಿಯಬೇಕು. ಈಜನ್ನು ದಡದ ಮೇಲೆ ಕುಳಿತು ಕಲಿತವರುಂಟೆ?

ಈ ದಾರಿಯಲ್ಲಿ ಮುಳ್ಳುಗಳೂ ಇದ್ದವು. ಬಿಷಪ್ಪನ ಪರವಾನಗಿಯಿಲ್ಲದೆ ಪಾಠ ಹೇಳುತ್ತಿರುವನೆಂದು 1733ರಲ್ಲಿ ಚರ್ಚಿನ ನ್ಯಾಯಾಲಯದಲ್ಲಿ ಆತನ ಮೇಲೆ ಮೊಕದ್ದಮೆಯಾಯಿತು. ಪರವಾನಗಿಯನ್ನು ಬೇಡಲು ಆತನು ಒಪ್ಪಲಿಲ್ಲ. ವ್ಯಾಜ್ಯವು ವೆಸ್ಟ್‌ಮಿನ್ಸ್ಟರಿನವರೆಗೂ ಹೋಗಿ, ಕೊನೆಗೆ ಎರಡನೆಯ ಜಾರ್ಜ್ ದೊರೆಯ ಮಾತಿನಿಂದ 1734ರಲ್ಲಿ ನಿಂತಿತು. 1743ರಲ್ಲಿ ಮೆಥಡಿಸ್ಟ್ ಉಪದೇಶಕನಾದ ಜಾರ್ಜ್ ವೈಟ್‌ಫೀಲ್ಡನಿಗೆ ತನ್ನ ಪೀಠದಿಂದ ಮಾತನಾಡಲು ಬಿಟ್ಟುದಕ್ಕಾಗಿ ಸ್ವಪಕ್ಷದವರೇ ಮುನಿದರು. ಅಕಾಡೆಮಿಗೆ ಹಣ ಕೊಡುತ್ತಿದ್ದ ವಿಲಿಯಂ ಕವರ್ಡ್ ನಿಧಿಯ ಧರ್ಮದರ್ಶಿಗಳಿಂದಲೂ ಆಕ್ಷೇಪಣೆ ಬಂದಿತು. ಕಟ್ಟಾ ಸಂಪ್ರದಾಯಸ್ಥರು ಆತನನ್ನು ಸಡಿಲನೆಂದರು. ಹೊಸ ವಿಚಾರದವರು ಅಂಜುಬುರುಕನೆಂದರು. ಎರಡು ಪಕ್ಷವನ್ನೂ ಕೇಳುವವನಿಗೆ ಎರಡು ಪಕ್ಷದ ಬೈಗುಳವೂ ತಪ್ಪದು.

ಮನೆಯ ದುಃಖವೂ ಕಡಿಮೆಯಿರಲಿಲ್ಲ. ಒಂಬತ್ತು ಮಕ್ಕಳಲ್ಲಿ ನಾಲ್ವರು ಮಾತ್ರ ಉಳಿದರು. ಹಿರಿಯ ಮಗಳು ಐದು ತುಂಬುವ ಮೊದಲೇ 1736ರಲ್ಲಿ ತೀರಿಕೊಂಡಾಗ, ಆ ಶೋಕದಲ್ಲೇ ಆತನು ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರಿಗಾಗಿ ಒಂದು ಉಪದೇಶವನ್ನು ಬರೆದನು. ಪಟ್ಟಣದ ಕೆಲಸಗಳಿಂದಲೂ ಆತನು ದೂರ ನಿಲ್ಲಲಿಲ್ಲ. ಬಡಮಕ್ಕಳಿಗಾಗಿ ಧರ್ಮಶಾಲೆಯೊಂದನ್ನು ತೆರೆಸಿದನು. ಡಾಕ್ಟರ್ ಜೇಮ್ಸ್ ಸ್ಟೋನ್‌ಹೌಸ್‌ನೊಡನೆ ಕೂಡಿ 1743ರಲ್ಲಿ ಜಿಲ್ಲೆಯ ಆಸ್ಪತ್ರೆಗಾಗಿ ದುಡಿದನು. ಮರುವರ್ಷ ಅದು ತೆರೆಯಿತು. ಗುರುವನ್ನು ಸಿಡುಬಿಗೆ ಕಳೆದುಕೊಂಡಿದ್ದ ಆತನು, ಸಿಡುಬು ಹಾಕಿಸುವುದನ್ನು ಸಮರ್ಥಿಸಿ ದಿವಂಗತ ಸ್ನೇಹಿತನೊಬ್ಬನು ಬರೆದಿಟ್ಟಿದ್ದ ಪುಸ್ತಕವನ್ನು 1750ರಲ್ಲಿ ಅಚ್ಚುಹಾಕಿಸಿದನು.

ಶ್ರಮದಿಂದ ದೇಹವು ಸವೆದು ಕ್ಷಯರೋಗ ಹತ್ತಿತು. ಬೆಚ್ಚಗಿನ ಹವೆಯಿಂದ ಗುಣವಾದೀತೆಂದು ಸ್ನೇಹಿತರು ಹಣ ಕೂಡಿಸಿ ಆತನನ್ನು ಪೋರ್ಚುಗಲ್ ದೇಶಕ್ಕೆ ಕಳುಹಿಸಿದರು. 1751ರ ಅಕ್ಟೋಬರ್ 26ರಂದು ಲಿಸ್ಬನ್ ನಗರದಲ್ಲಿ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಆತನು ಕಾಲವಾದನು. ಅಲ್ಲಿಯ ಇಂಗ್ಲಿಷರ ಶ್ಮಶಾನದಲ್ಲಿ ಆತನ ಸಮಾಧಿಯಿದೆ.

ಆತನ ಜೀವನದ ಪಾಠವು ಆತನ ಮರಣದ ನಂತರವೇ ಹೆಚ್ಚು ಸ್ಪಷ್ಟವಾಗುತ್ತದೆ. ತನ್ನ ಸ್ಥಾನಕ್ಕೆ ಕೇಲೆಬ್ ಆಶ್ವರ್ತ್ ಎಂಬ ಶಿಷ್ಯನು ತಕ್ಕವನೆಂದು ಡಾಡ್ರಿಜನು ಮರಣಪತ್ರದಲ್ಲಿ ಬರೆದಿದ್ದನು. ಅಕಾಡೆಮಿಯೇನೋ ಆಶ್ವರ್ತನಿಗೆ ಸೇರಿತು. ಆದರೆ ಕ್ಯಾಸಲ್ ಹಿಲ್ ಸಭೆಯವರು ತಮ್ಮ ಸಭಾಪಾಲಕನಾಗಿ ಬೇರೊಬ್ಬನನ್ನು ಆರಿಸಿಕೊಂಡರು! ಆಶ್ವರ್ತನು ತನ್ನ ಊರಾದ ಡ್ಯಾವೆಂಟ್ರಿಯಲ್ಲೇ ಉಳಿದುದರಿಂದ 1752ರಲ್ಲಿ ಅಕಾಡೆಮಿಯೇ ಅಲ್ಲಿಗೆ ಹೋಗಬೇಕಾಯಿತು. ಇದನ್ನು ಕೃತಘ್ನತೆ ಎನ್ನೋಣವೆ? ನನಗೆ ಹಾಗೆ ತೋರುವುದಿಲ್ಲ. ಸಭೆಯು ತನ್ನ ಸಭಾಪಾಲಕನನ್ನು ತಾನೇ ಆರಿಸಬೇಕೆಂದು ಇಪ್ಪತ್ತೆರಡು ವರ್ಷ ಅವರಿಗೆ ಕಲಿಸಿದವನು ಆತನೇ. ಗುರುವಿನ ಕೊನೆಯ ಆಸೆಯನ್ನು ಮೀರಿ ಅವರು ಗುರುವಿನ ಪಾಠವನ್ನು ಉಳಿಸಿಕೊಂಡರು.

ಡ್ಯಾವೆಂಟ್ರಿಗೆ ಮೊದಲಿಗೆ ಬಂದ ವಿದ್ಯಾರ್ಥಿಗಳಲ್ಲಿ ಜೋಸೆಫ್ ಪ್ರೀಸ್ಟ್ಲಿ ಒಬ್ಬನು. ಮುಂದೆ ಆಮ್ಲಜನಕವನ್ನು ಬೇರ್ಪಡಿಸಿ ವಿಜ್ಞಾನದ ಚರಿತ್ರೆಯಲ್ಲಿ ಹೆಸರಾದವನು ಈತನೇ. ಎರಡು ಪಕ್ಷವನ್ನೂ ವಿಚಾರಿಸುವ ಡಾಡ್ರಿಜನ ಕ್ರಮದಲ್ಲಿ ಬೆಳೆದ ಪ್ರೀಸ್ಟ್ಲಿಯು, ಡಾಡ್ರಿಜನು ನಂಬಿದ್ದ ತ್ರಿತ್ವ ಸಿದ್ಧಾಂತವನ್ನೇ ಬಿಟ್ಟುಕೊಟ್ಟನು. ಅವನಂತೆ ಇನ್ನೂ ಕೆಲವರು ಹಾಗೆಯೇ ಮಾಡಿದರು. ಈ ಒಲವು ಬೆಳೆದುದರಿಂದ, ಮತ್ತೆ ನಾರ್ಥಾಂಪ್ಟನ್ನಿಗೆ ಬಂದಿದ್ದ ಆ ಅಕಾಡೆಮಿಯನ್ನು ಧರ್ಮದರ್ಶಿಗಳು 1798ರಲ್ಲಿ ಮುಚ್ಚಿ, ಮರುವರ್ಷ ಬೇರೊಂದು ಊರಿನಲ್ಲಿ ಹೊಸದಾಗಿ ಆರಂಭಿಸಿದರು. ಶಿಷ್ಯನಿಗೆ ಎರಡು ದಾರಿಯನ್ನೂ ತೋರಿಸಿದ ಗುರುವು, ಶಿಷ್ಯನು ತನ್ನ ದಾರಿಯನ್ನು ಬಿಟ್ಟುಹೋಗುವ ಅಪಾಯವನ್ನೂ ಒಪ್ಪಿಕೊಳ್ಳಬೇಕು. ಆ ನಷ್ಟವನ್ನು ಮುಚ್ಚಿಟ್ಟು ಡಾಡ್ರಿಜನನ್ನು ಹೊಗಳುವುದು ಸತ್ಯವಲ್ಲ. ಆದರೆ ಒಂದೇ ದಾರಿಯನ್ನು ತೋರಿಸಿ ಪಡೆದ ನಿಷ್ಠೆಯು ಎಷ್ಟು ಗಟ್ಟಿಯಾದುದು ಎಂಬ ಪ್ರಶ್ನೆಯೂ ಉಳಿಯುತ್ತದೆ.

ದೂರದ ಈ ಕಥೆಗೂ ನಮ್ಮ ನಾಡಿಗೂ ಒಂದು ಎಳೆ ಉಂಟು. 1745ರಲ್ಲಿ ಡಾಡ್ರಿಜನು ಬರೆದ, ಆತ್ಮದಲ್ಲಿ ಧರ್ಮವು ಮೂಡಿ ಬೆಳೆಯುವ ಬಗೆಯನ್ನು ಹೇಳುವ ಗ್ರಂಥವನ್ನು ಓದಿ ವಿಲಿಯಂ ವಿಲ್ಬರ್‌ಫೋರ್ಸನ ಮನಸ್ಸು ತಿರುಗಿತು. ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ ಈತನೇ, 1813ರ ಚಾರ್ಟರ್ ಕಾನೂನಿನಲ್ಲಿ ಭಾರತಕ್ಕೆ ಮಿಷನರಿಗಳು ಬರಲು ಅವಕಾಶವಾಗುವಂತೆ ಪಾರ್ಲಿಮೆಂಟಿನಲ್ಲಿ ವಾದಿಸಿದವನು. ಅದಕ್ಕೂ ಮೊದಲೇ, 1795ರಲ್ಲಿ ಸ್ಥಾಪಿತವಾಗಿದ್ದ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು, ಬೈಬಲನ್ನು ಕನ್ನಡಿಸುವ ಕಾರ್ಯದಲ್ಲಿ ತೊಡಗಿದನು. ಆ ಸೊಸೈಟಿಗೆ ಮುಖ್ಯ ಆಧಾರ ಕಾಂಗ್ರಿಗೇಷನಲ್ ಸಭೆಗಳೇ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ. ಪಿ. ರೈಸ್ ಅವರೂ ಆ ಸೊಸೈಟಿಯವರೇ. ದಕ್ಷಿಣ ಭಾರತದಲ್ಲಿ ಅದರ ಸಭೆಗಳು 1908ರಲ್ಲಿ ಪ್ರೆಸ್ಬಿಟೇರಿಯನ್ನರೊಡನೆ ಕೂಡಿ, 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಒಂದಾದವು. ಹೊಸ ಸಭೆಯಲ್ಲಿ ಬಿಷಪ್ಪರುಂಟು; ಆದರೂ ಊರಿನ ಸಭೆಯ ವ್ಯವಹಾರದಲ್ಲಿ ಸಾಮಾನ್ಯ ಸದಸ್ಯರು ಆರಿಸಿದ ಸಮಿತಿಗೆ ಸ್ಥಾನವುಂಟು.

ಡಾಡ್ರಿಜನ ಮತವನ್ನು ಒಪ್ಪುವವರಿಗೂ ಒಪ್ಪದವರಿಗೂ ಆತನ ಶಾಲೆಯು ಒಂದು ಮಾತನ್ನು ಹೇಳುತ್ತದೆ. ಪ್ರಜಾಪ್ರಭುತ್ವದ ನಾಡಿನಲ್ಲಿ ನಾವೆಲ್ಲರೂ ಒಂದು ದೊಡ್ಡ ಸಭೆಯ ಸದಸ್ಯರು. ನಾಳೆ ಆರಿಸಬೇಕಾದವರು, ಪ್ರಶ್ನಿಸಬೇಕಾದವರು. ಅದಕ್ಕೆ ಬೇಕಾದ ಶಿಕ್ಷಣವೆಂದರೆ ಎದುರು ಪಕ್ಷದ ಪುಸ್ತಕವನ್ನೂ ಪ್ರಾಮಾಣಿಕವಾಗಿ ಓದಿ, ಬಳಿಕ ತನ್ನ ತೀರ್ಮಾನಕ್ಕೆ ತಾನೇ ಹೊಣೆಯಾಗುವುದು. ನಮ್ಮ ಗ್ರಂಥಭಂಡಾರದ ಬಾಗಿಲು ಮುಚ್ಚಿಲ್ಲ. ಒಳಗೆ ಹೋಗಲು ಯಾರೂ ನಮ್ಮ ಸಹಿಯನ್ನು ಕೇಳುವುದಿಲ್ಲ. ಪರೀಕ್ಷೆಗೆ ಬೇಕಾದ ಹತ್ತು ಪ್ರಶ್ನೆಗಳ ಆಚೆ ಒಂದು ಪುಸ್ತಕವನ್ನು ತೆಗೆಯುವುದು ಮಾತ್ರ ನಮ್ಮ ಕೆಲಸ.